ತುರ್ತು ಸಂದರ್ಭದಲ್ಲಿ ತರಬೇತಾದ ಸ್ವಯಂಸೇವಕರನ್ನು ಆ್ಯಪ್ ಮೂಲಕ ಕರೆಯುವ ವ್ಯವಸ್ಥೆ ಮಲೆನಾಡಿಗೆ ಒಗ್ಗುವುದೇ?

ಮಾಲತಿತೀರ (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಿರುವ ನಮ್ಮ ಭಾಗದ ಯುವಕ ಸಂಘದವರೂ ಸಹಕಾರ ಸಂಘದ ಕೆಲವು ನಿರ್ದೇಶಕರೂ ಸೇರಿ ಒಂದು ಯೋಜನೆಯ ಮಾತುಕತೆ ನಡೆಸುತ್ತಿದ್ದಾರೆ. ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ರಕ್ತಸಂಚಾರ ಉಳಿಸುವ ಕ್ರಮ) ಕಲಿತ ಮೂವತ್ತು ನಲವತ್ತು ಮಂದಿಯನ್ನು ಒಂದು ಮೊಬೈಲ್ ಆ್ಯಪ್‌ನಲ್ಲಿ ನೋಂದಾಯಿಸಿಕೊಂಡು, ಯಾರದಾದರೂ ಮನೆಯಲ್ಲಿ ಜೀವಕ್ಕೆ ಅಪಾಯವಾಗುವಂಥ ಸ್ಥಿತಿ ಎದುರಾದಾಗ ಮನೆಯವರು ಗುಂಡಿ ಒತ್ತಿದ ಕೂಡಲೇ ಹತ್ತಿರದಲ್ಲಿರುವವರ ಫೋನಿಗೆ ಸೂಚನೆ ಹೋಗುವಂತೆ ಮಾಡಬೇಕೆಂಬುದು ಅದರ ತಿರುಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರಿನ ಹುಡುಗರಿಬ್ಬರು ಆ್ಯಪ್ ಬರೆದುಕೊಡಲು ಒಪ್ಪಿದ್ದಾರೆ. ಸಂಘವು ಸ್ವಲ್ಪ ಹಣ ತೆಗೆದಿರಿಸಲು ಸಿದ್ಧವಿದೆ.

ವಿದೇಶದ ನಗರಗಳಲ್ಲಿ ಇಂಥ ವ್ಯವಸ್ಥೆ ನಡೆಯುತ್ತಿರುವುದನ್ನು ಓದಿದ್ದೇನೆ. ಆದರೆ ನಮ್ಮದು ಒಂದು ಮನೆಯಿಂದ ಮತ್ತೊಂದು ಮನೆಗೆ ಹೋಗಲು ಗದ್ದೆ, ತೋಟ, ಕಾಲುಸಂಕ ದಾಟಬೇಕಾದ ಊರು. 108 ವಾಹನ ಹೊರಟು, ದಾರಿ ಕೇಳಿಕೊಂಡು, ಮಣ್ಣುರಸ್ತೆಯಲ್ಲಿ ಉಣುಗೋಲಿನವರೆಗೆ ಬರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಇಲ್ಲಿನ ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಿರುವಾಗ ನಗರಕ್ಕಾಗಿ ಹುಟ್ಟಿದ ಈ ಕ್ರಮ ನಮಗೆ ನಿಜವಾಗಿ ಉಪಯೋಗಕ್ಕೆ ಬರುವುದೇ? ಇರುವ ಹಣವನ್ನು ಆ್ಯಪ್‌ಗೆ ಹಾಕುವುದು ಸರಿಯೋ, ಎದೆಗೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಕೊಳ್ಳುವುದು ಸರಿಯೋ? ನೆರವಿಗೆ ಹೋದವನ ಕೈಯಲ್ಲಿ ರೋಗಿ ತೀರಿಕೊಂಡರೆ ಅವನ ಮೇಲೆ ಕೇಸು ಬೀಳುವುದೇ? ಈ ಕ್ಷೇತ್ರಗಳಲ್ಲಿ ಇರುವವರು, ಅನುಭವ ಉಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ತುರ್ತುಘಟಕ_ಶಿವಮೊಗ್ಗ

ನಾನು ಶಿವಮೊಗ್ಗದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿಯಾಗಿದ್ದೇನೆ. ತಾಂತ್ರಿಕ ವಿಷಯವನ್ನು ಬಲ್ಲವರು ಹೇಳಲಿ, ನಾನು ವೈದ್ಯಕೀಯ ಭಾಗವನ್ನಷ್ಟೇ ಬರೆಯುತ್ತೇನೆ.

ಈ ಆ್ಯಪ್‌ಗಳು ಹುಟ್ಟಿಕೊಂಡದ್ದು ಎಲ್ಲ ಬಗೆಯ ತುರ್ತಿಗಾಗಿ ಅಲ್ಲ, ಮುಖ್ಯವಾಗಿ ಹೃದಯ ಸ್ತಂಭನಕ್ಕಾಗಿ, ಎಂದರೆ ಹೃದಯದ ಬಡಿತವೇ ಹಠಾತ್ತನೆ ನಿಂತುಹೋಗುವ ಸ್ಥಿತಿಗಾಗಿ. ಹೃದಯಾಘಾತವಾದವರಿಗೆ ಎದೆನೋವೆಂದು ಹೇಳಿಕೊಂಡು ಆಸ್ಪತ್ರೆ ತಲುಪುವಷ್ಟು ಸಮಯ ಅನೇಕ ವೇಳೆ ಸಿಗುತ್ತದೆ. ಹೃದಯ ಸ್ತಂಭನವಾದವರಿಗೆ ಆ ಸಮಯ ಇರುವುದಿಲ್ಲ. ರಕ್ತಸಂಚಾರ ನಿಂತ 4ರಿಂದ 6 ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ, ಮತ್ತು ಏನೂ ಮಾಡದೆ ಕಾಯುತ್ತ ಕುಳಿತರೆ ಬದುಕುಳಿಯುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇ 7ರಿಂದ 10ರಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಯಾವ ದೇಶದ ಆಂಬುಲೆನ್ಸ್ ಸಹ ಈ ಗಡುವಿನೊಳಗೆ ಎಲ್ಲ ಮನೆಗಳನ್ನು ಮುಟ್ಟಲಾರದು. ಆದ್ದರಿಂದಲೇ ಪಕ್ಕದ ಬೀದಿಯಲ್ಲಿರುವ ತರಬೇತಾದವನನ್ನು ಎಬ್ಬಿಸುವ ಉಪಾಯ ಹುಡುಕಿದರು. ಸಿಂಗಪುರದ ನಾಗರಿಕ ರಕ್ಷಣಾ ಪಡೆ 2015ರಲ್ಲಿ ಆರಂಭಿಸಿದ ಮೈರೆಸ್ಪಾಂಡರ್ ಸುಮಾರು 400 ಮೀಟರ್ ಸುತ್ತಿನಲ್ಲಿರುವವರಿಗೆ ಸೂಚನೆ ಕಳುಹಿಸುತ್ತಿತ್ತು. ಅಮೆರಿಕದ ಪಲ್ಸ್‌ಪಾಯಿಂಟ್ ಮೊದಮೊದಲು ಸಾರ್ವಜನಿಕ ಸ್ಥಳಗಳಲ್ಲಿ ಕುಸಿದುಬಿದ್ದವರಿಗಷ್ಟೇ ಜನರನ್ನು ಕರೆಯುತ್ತಿತ್ತು.

ಇದರಿಂದ ಪ್ರಯೋಜನವಾಗುತ್ತದೆಯೇ ಎಂಬುದಕ್ಕೆ ಸ್ಟಾಕ್‌ಹೋಮ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. 500 ಮೀಟರ್ ಒಳಗಿದ್ದ ಸ್ವಯಂಸೇವಕರಿಗೆ ಫೋನ್ ಮೂಲಕ ಸೂಚನೆ ಕೊಟ್ಟ ಪ್ರಕರಣಗಳಲ್ಲಿ ಆಂಬುಲೆನ್ಸ್ ಬರುವ ಮೊದಲೇ ಸಿಪಿಆರ್ ಆರಂಭವಾದದ್ದು ಶೇ 62ರಷ್ಟು, ಸೂಚನೆ ಕೊಡದೆ ಬಿಟ್ಟವುಗಳಲ್ಲಿ ಶೇ 48ರಷ್ಟು. ಇದು ದೊಡ್ಡ ವ್ಯತ್ಯಾಸವೇ. ಆದರೆ 30 ದಿನಗಳ ನಂತರ ಬದುಕಿದ್ದವರ ಪ್ರಮಾಣದಲ್ಲಿ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳಿತು. ನಿಮ್ಮ ಸಂಘದ ಸಭೆಯಲ್ಲಿ ಎರಡೂ ಮಾತನ್ನು ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿ ಹಣ ಎತ್ತುವುದು ಸರಿಯಲ್ಲ.

ಇನ್ನು ನಾನು ಒತ್ತಿ ಹೇಳಬೇಕೆಂದಿರುವ ವಿಷಯ. ನಿಮ್ಮ ಆ್ಯಪ್‌ನಲ್ಲಿ ಗುಂಡಿ ಒತ್ತಬೇಕಾದವರು ಮನೆಯವರು, ಮತ್ತು ಅವರಿಗೆ ಸ್ತಂಭನದ ಗುರುತೇ ಸಿಗದಿದ್ದರೆ ಮುಂದಿನದೆಲ್ಲ ವ್ಯರ್ಥ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅನೇಕರು ಬಾಯಿ ತೆರೆದು, ಗೊರಕೆಯಂಥ ಸದ್ದಿನೊಡನೆ, ತಡೆದು ತಡೆದು ಉಸಿರೆಳೆಯುತ್ತಾರೆ. ಅದನ್ನು ಉಸಿರಾಟವೆಂದು ಎಣಿಸಬಾರದು. ನಮ್ಮ ಕಡೆಯ ಮನೆಗಳಲ್ಲಿ ಇದನ್ನು ಕಂಡು ‘ಉಸಿರಾಡ್ತಿದಾರೆ, ಏನೂ ಆಗಿಲ್ಲ’ ಎಂದು ಗಾಳಿ ಬೀಸುತ್ತ ಕೂರುವವರಿದ್ದಾರೆ, ಇಲ್ಲವೇ ಕೊನೆಗಾಲ ಬಂತೆಂದು ಬಾಯಿಗೆ ತುಳಸಿನೀರು ಬಿಡುವವರಿದ್ದಾರೆ. ಅಲುಗಿಸಿದರೆ, ಕೂಗಿದರೆ ಎಚ್ಚರವಿಲ್ಲ, ಉಸಿರು ಸಹಜವಾಗಿಲ್ಲ ಎಂದರೆ ಅಷ್ಟೇ ಸಾಕು: ಬಾಯಿಗೆ ಏನನ್ನೂ ಹಾಕದೆ, ಮಂಚದ ಮೇಲಿದ್ದರೆ ನೆಲಕ್ಕೆ ಇಳಿಸಿ, ಎದೆಯ ನಡುವೆ ಒತ್ತಲು ಆರಂಭಿಸಬೇಕು. ಹತ್ತಿಯ ಹಾಸಿಗೆಯ ಮೇಲೆ ಒತ್ತಿದರೆ ತಗ್ಗುವುದು ಹಾಸಿಗೆ, ಎದೆಯಲ್ಲ. ವಯಸ್ಕರಿಗೆ ಸುಮಾರು 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಬಾರಿ. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬಾರದು. ಭಾರತೀಯ ಅರಿವಳಿಕೆ ತಜ್ಞರ ಸಂಘವು 2017ರಲ್ಲಿ ಜನಸಾಮಾನ್ಯರಿಗೆಂದು ರೂಪಿಸಿದ ಕ್ರಮದಲ್ಲಿ ಬಾಯಿಗೆ ಬಾಯಿಟ್ಟು ಉಸಿರೂದುವ ಭಾಗವನ್ನೇ ಕೈಬಿಟ್ಟು ಎದೆ ಒತ್ತುವುದನ್ನು ಮಾತ್ರ ಉಳಿಸಿದ್ದಾರೆ. ನಿಮ್ಮ ಊರಿನವರಿಗೆ ಇದನ್ನೇ ಕಲಿಸಿ. ಮೂವತ್ತು ಮಂದಿಗೆ ಆ್ಯಪ್ ಕೊಡುವುದಕ್ಕಿಂತ ಪ್ರತಿ ಮನೆಯಲ್ಲಿ ಒಬ್ಬರಿಗೆ ಇಷ್ಟು ಕಲಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆರು ನಿಮಿಷದೊಳಗೆ ಆ ಜಗಲಿಯ ಮೇಲೆ ಇರುವುದು ಮನೆಯವರು ಮಾತ್ರ.

ಎಇಡಿ ಲಕ್ಷ ರೂಪಾಯಿಯ ಆಸುಪಾಸಿನ ಯಂತ್ರ. ಅದರ ಬ್ಯಾಟರಿಗೂ ಎದೆಗೆ ಅಂಟಿಸುವ ಪ್ಯಾಡ್‌ಗಳಿಗೂ ಅವಧಿ ಇರುತ್ತದೆ. ಸಹಕಾರ ಸಂಘದ ಕಟ್ಟಡದೊಳಗೆ ಇಟ್ಟು ಸಂಜೆ ಬೀಗ ಹಾಕುವುದಾದರೆ ಕೊಳ್ಳಬೇಡಿ. ಪೇಟೆಯ ಬಸ್ ನಿಲ್ದಾಣದಲ್ಲಿ, ಜಾತ್ರೆ ನಡೆಯುವ ಜಾಗದಲ್ಲಿ, ಎಲ್ಲರ ಕೈಗೆ ಸಿಗುವಂತೆ ಇಡಲು ಸಾಧ್ಯವಿದ್ದರೆ ಯೋಚಿಸಬಹುದು. ಮಳೆಯಲ್ಲಿ ನೆನೆದ ಅಥವಾ ದಟ್ಟ ಕೂದಲಿರುವ ಎದೆಗೆ ಪ್ಯಾಡ್ ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಪೆಟ್ಟಿಗೆಯಲ್ಲಿ ಒಂದು ಒಣ ಬಟ್ಟೆ ಮತ್ತು ರೇಜರ್ ಇರಲೇಬೇಕು.

ಸಾಗರದ_ಕೋಡಿಗ

ಮೇಲಿನ ಸಹೋದರಿಯವರ ಉತ್ತರಕ್ಕೆ ಧನ್ಯವಾದಗಳು. ಅವರು ಕೊಟ್ಟ 500 ಮೀಟರ್ ಲೆಕ್ಕವನ್ನೇ ಹಿಡಿದು ಮುಂದುವರಿಯುತ್ತೇನೆ.

500 ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 0.79 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಶಿವಮೊಗ್ಗ ಜಿಲ್ಲೆಯ ಜನಸಾಂದ್ರತೆ ಚದರ ಕಿಲೋಮೀಟರಿಗೆ 207. ಎಂದರೆ ಆ ವೃತ್ತದೊಳಗೆ ಕೂಸು ಮುದುಕರೆಲ್ಲ ಸೇರಿ ಸುಮಾರು 160 ಜನ. ಶಿವಮೊಗ್ಗ, ಭದ್ರಾವತಿ ನಗರಗಳನ್ನು ಸೇರಿಸಿ ತೆಗೆದ ಸರಾಸರಿ ಇದು. ಹೊಸನಗರ, ತೀರ್ಥಹಳ್ಳಿಯ ಕಡೆ ಕಾಡು ಮತ್ತು ತೋಟಗಳ ನಡುವೆ ಅಷ್ಟೂ ಸಿಗುವುದಿಲ್ಲ. ನೂರಕ್ಕೆ ಒಬ್ಬರು ತರಬೇತಿ ಪಡೆದರೂ ವೃತ್ತಕ್ಕೆ ಒಬ್ಬರು, ಅವರೂ ಆ ಹೊತ್ತಿಗೆ ಪೇಟೆಗೆ ಹೋಗಿರಬಹುದು. ಆದ್ದರಿಂದ ಶಿವಮೊಗ್ಗದ ಗೋಪಾಳ, ವಿನೋಬನಗರಗಳಂಥ ಬಡಾವಣೆಗಳಲ್ಲಿ ಈ ಕ್ರಮ ಇದ್ದ ಹಾಗೆಯೇ ನಡೆಯಬಹುದು, ನಿಮ್ಮ ಹೋಬಳಿಯಲ್ಲಿ ನಡೆಯದು.

ಇನ್ನೊಂದು ತೊಡಕು ದೂರವನ್ನು ಅಳೆಯುವ ರೀತಿಯಲ್ಲಿದೆ. ಆ್ಯಪ್ ಸಾಮಾನ್ಯವಾಗಿ ನಕ್ಷೆಯ ಮೇಲೆ ನೇರಗೆರೆ ಎಳೆದು ‘ಹತ್ತಿರದವರನ್ನು’ ಆರಿಸುತ್ತದೆ. ನಮ್ಮಲ್ಲಿ ಹಳ್ಳದ ಆಚೆ ದಂಡೆಯ ಮನೆ ನೇರಗೆರೆಯಲ್ಲಿ 300 ಮೀಟರ್. ಬೇಸಿಗೆಯಲ್ಲಿ ಸಂಕ ದಾಟಿ ಐದು ನಿಮಿಷದ ನಡಿಗೆ. ಆಷಾಢದಲ್ಲಿ ಸಂಕ ಕೊಚ್ಚಿಹೋದ ಮೇಲೆ ಅದೇ ಮನೆಗೆ ಮುಖ್ಯರಸ್ತೆ ಸುತ್ತಿ ನಾಲ್ಕೈದು ಕಿಲೋಮೀಟರ್ ಬೈಕಿನಲ್ಲಿ ಬರಬೇಕು. ಇದನ್ನು ಯಾವ ಉಪಗ್ರಹವೂ ಹೇಳುವುದಿಲ್ಲ, ಊರಿನ ಪೋಸ್ಟ್‌ಮ್ಯಾನ್ ಹೇಳುತ್ತಾನೆ. ಮಳೆಗಾಲಕ್ಕೊಂದು, ಬೇಸಿಗೆಗೊಂದು, ಹೀಗೆ ಯಾವ ಮನೆಗೆ ಯಾರು ಬೇಗ ಮುಟ್ಟಬಲ್ಲರು ಎಂಬ ಎರಡು ಪಟ್ಟಿಗಳನ್ನು ಕೈಯಿಂದಲೇ ಮಾಡಿಕೊಳ್ಳುವುದು ನಿಮಗೆ ಅನಿವಾರ್ಯ.

ನೆಟ್‌ವರ್ಕ್ ವಿಷಯಕ್ಕೆ ಬರೋಣ. ಆ್ಯಪ್‌ನ ಸೂಚನೆ ತಲುಪಲು ಇಂಟರ್‌ನೆಟ್ ಬೇಕು. ಮಲೆನಾಡಿನ ಬಹಳ ಮನೆಗಳಲ್ಲಿ ಈಗ ಫೈಬರ್ ವೈಫೈ ಇದೆ, ಅಂಗಳ ದಾಟಿದರೆ ಸಿಗ್ನಲ್ ಇಲ್ಲ. ಎಂದರೆ ಊಟದ ಹೊತ್ತಿಗೆ ಸೂಚನೆ ಬರುತ್ತದೆ, ತೋಟಕ್ಕೆ ಇಳಿದ ಮೇಲೆ ಬರುವುದಿಲ್ಲ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಎಲ್ಲವೂ ಸ್ತಬ್ಧ. ಸಾಲದ್ದಕ್ಕೆ, ಕಡಿಮೆ ಬೆಲೆಯ ಅನೇಕ ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸುವ ಹೆಸರಿನಲ್ಲಿ, ಹಲವು ದಿನ ತೆರೆಯದ ಆ್ಯಪ್‌ಗಳನ್ನು ಹಿನ್ನೆಲೆಯಲ್ಲಿ ತಾವಾಗಿಯೇ ಮಲಗಿಸಿಬಿಡುತ್ತವೆ. ತುರ್ತು ಆ್ಯಪ್ ಎಂದರೆ ತಿಂಗಳುಗಟ್ಟಲೆ ತೆರೆಯದ ಆ್ಯಪ್ ತಾನೇ! ಎಸ್‌ಎಂಎಸ್ ಸಣ್ಣ ಸಿಗ್ನಲ್‌ನಲ್ಲೂ ಬರುತ್ತದೆ ನಿಜ, ಆದರೆ ಸಂಘದ ಹೆಸರಿನಲ್ಲಿ ಒಮ್ಮೆಗೇ ಹಲವರಿಗೆ ಕಳುಹಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಕಳುಹಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು, ಮತ್ತು ರಾತ್ರಿ ಎರಡು ಗಂಟೆಗೆ ಎಸ್‌ಎಂಎಸ್ ಸದ್ದಿಗೆ ಏಳುವವರು ಕಡಿಮೆ. ಬಿಡದೆ ಬಾರಿಸುವ ಫೋನ್ ಕರೆಗೆ ಜನ ಏಳುತ್ತಾರೆ.

ಹೀಗಾಗಿ ನನ್ನ ಸಲಹೆ ಆ್ಯಪ್ ಬರೆಯುವುದಲ್ಲ. ಒಂದೇ ಒಂದು ಸ್ಥಳೀಯ ನಂಬರ್ ಇಟ್ಟುಕೊಳ್ಳಿ. ಅದಕ್ಕೆ ಕರೆ ಬಂದರೆ ಆ ಭಾಗದ ನಾಲ್ಕೈದು ಸ್ವಯಂಸೇವಕರ ಫೋನುಗಳು ಒಟ್ಟಿಗೆ ಬಾರಿಸುವ, ಮೊದಲು ಎತ್ತಿದವರಿಗೆ ಕರೆ ಜೋಡಿಸುವ ಸೇವೆ ಅಗ್ಗವಾಗಿಯೇ ಸಿಗುತ್ತದೆ. ಜೊತೆಗೆ ಪ್ರತಿ ಮನೆಗೆ ಒಂದು ಸಂಖ್ಯೆ ಕೊಟ್ಟು, ಅದರ ಅಕ್ಷಾಂಶ–ರೇಖಾಂಶವನ್ನು ಮೊದಲೇ ದಾಖಲಿಸಿ, ಆ ಸಂಖ್ಯೆಯನ್ನು ಬಾಗಿಲ ಹಿಂದೆ 108ರ ಪಕ್ಕದಲ್ಲೇ ಬರೆದು ಅಂಟಿಸಿ. ಹೊಸಕೊಪ್ಪ, ಹೊಸಳ್ಳಿ ಎಂಬ ಹೆಸರಿನ ಊರುಗಳು ಒಂದೊಂದು ತಾಲ್ಲೂಕಿನಲ್ಲಿ ಹಲವಿರುವಾಗ, ಕಂದಾಯ ಗ್ರಾಮದ ಹೆಸರು ಒಂದಾಗಿ ಜನ ಕರೆಯುವ ಹೆಸರು ಮತ್ತೊಂದಾಗಿರುವಾಗ, ಗಾಬರಿಯಲ್ಲಿರುವವರಿಂದ ವಿಳಾಸ ಕೇಳಿ ಬರೆದುಕೊಳ್ಳುವುದರಲ್ಲೇ ಅಮೂಲ್ಯ ನಿಮಿಷಗಳು ಹೋಗುತ್ತವೆ.

ಎಚ್ಚರಿಕೆಯ ಮಾತೊಂದು: ಸ್ಟಾಕ್‌ಹೋಮ್‌ನಲ್ಲಾಗಲಿ ಸಿಂಗಪುರದಲ್ಲಾಗಲಿ ಸ್ವಯಂಸೇವಕರನ್ನು ಎಬ್ಬಿಸುವುದು ಮನೆಯವರಲ್ಲ, ಆಂಬುಲೆನ್ಸ್ ಕರೆ ಸ್ವೀಕರಿಸುವ ನಿಯಂತ್ರಣ ಕೊಠಡಿ. ಅಲ್ಲಿ ಒಂದೇ ಕರೆಗೆ ಎರಡೂ ಹೊರಡುತ್ತವೆ. ನಿಮ್ಮದು 108ಕ್ಕೆ ಜೋಡಣೆಯಾಗದ ವ್ಯವಸ್ಥೆಯಾದರೆ ಮನೆಯವರು ನಿಮಗೆ ತಿಳಿಸಿ, ಆಂಬುಲೆನ್ಸ್‌ಗೂ ತಿಳಿಸಿದಂತಾಯಿತೆಂದು ಸುಮ್ಮನಾಗುವ ಅಪಾಯವಿದೆ. ಕರೆ ಎತ್ತಿದ ಸ್ವಯಂಸೇವಕನ ಮೊದಲ ಪ್ರಶ್ನೆ ‘108ಕ್ಕೆ ಹೇಳಿದ್ದೀರಾ?’ ಎಂಬುದೇ ಆಗಿರಬೇಕು. ಸರ್ಕಾರದ 112 ಇಂಡಿಯಾ ಆ್ಯಪ್‌ನಲ್ಲಿ ಮಹಿಳೆಯರ ರಕ್ಷಣೆಗೆಂದು ಸಮೀಪದ ನೋಂದಾಯಿತ ಸ್ವಯಂಸೇವಕರನ್ನು ಕರೆಯುವ ‘ಶೌಟ್’ ಎಂಬ ಸೌಲಭ್ಯ ಇದೆ. ಎಂದರೆ ಈ ಕಲ್ಪನೆ ನಮ್ಮ ಆಡಳಿತಕ್ಕೆ ಹೊಸದಲ್ಲ. ವೈದ್ಯಕೀಯ ತುರ್ತಿಗೂ ಅದನ್ನು ವಿಸ್ತರಿಸಿ ಎಂದು ಜಿಲ್ಲಾಡಳಿತದ ಮುಂದೆ ಮನವಿ ಇಡುವುದು, ಇಬ್ಬರು ಹುಡುಗರು ರಜೆಯಲ್ಲಿ ಬರೆದ ಆ್ಯಪ್ ಅನ್ನು ಅವರಿಗೆ ಮದುವೆಯಾದ ಮೇಲೂ ಯಾರಾದರೂ ನೋಡಿಕೊಳ್ಳುತ್ತಾರೆಂದು ನಂಬುವುದಕ್ಕಿಂತ ಉತ್ತಮ.

ಹೊಳೆಬಾಗಿಲು

ಇಷ್ಟೆಲ್ಲ ಚರ್ಚೆಯಲ್ಲಿ ಹೃದಯದ ಮಾತೇ ಹೆಚ್ಚಾಯಿತು. ನಾನು ಶರಾವತಿ ಹಿನ್ನೀರಿನ ದಡದ ತುಮರಿ ಕಡೆಯವನು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗುವವರೆಗೆ ರಾತ್ರಿ ಕಾಯಿಲೆ ಬಿದ್ದರೆ ಲಾಂಚ್ ಇಲ್ಲದ ಹೊಳೆಯ ಈಚೆ ಕುಳಿತಿರುತ್ತಿದ್ದವರು ನಾವು. ನಮ್ಮ ಅನುಭವದಲ್ಲಿ ಮಲೆನಾಡಿನ ತುರ್ತು ಎಂದರೆ ಅಡಿಕೆ ಮರದಿಂದ ಬಿದ್ದವನು, ಔಷಧಿ ಹೊಡೆಯುವಾಗ ಅಲ್ಯೂಮಿನಿಯಂ ದೋಟಿ ಲೈನಿಗೆ ತಾಗಿದವನು, ಹುಲ್ಲು ಕೊಯ್ಯುವಾಗ ಹಾವು ಕಚ್ಚಿಸಿಕೊಂಡವಳು, ಮತ್ತು ರಾತ್ರಿ ಹೆರಿಗೆ ನೋವು. ಇವುಗಳಲ್ಲಿ ಆರು ನಿಮಿಷದ ಗಡುವು ಎಲ್ಲಕ್ಕೂ ಇಲ್ಲ. ಆದರೆ ಹೊತ್ತು ತರುವ ನಾಲ್ಕು ಜನ, ಇಳಿಜಾರಿನ ರಸ್ತೆಯಲ್ಲಿ ಹತ್ತಿ ಬರುವ ಒಂದು ಜೀಪು, ಗೊತ್ತಿರುವ ಒಬ್ಬ ಡ್ರೈವರ್ ಬೇಕು. ನಿಮ್ಮ ಪಟ್ಟಿಯಲ್ಲಿ ಸಿಪಿಆರ್ ಬಲ್ಲವರ ಹೆಸರಿಗಿಂತ ಮೇಲೆ ಜೀಪು ಇರುವವರ ಹೆಸರು ಬರೆಯಿರಿ.

ಇನ್ನೊಂದು. ಬಂದವರು ಎಲ್ಲರೂ ರೋಗಿಯ ಸುತ್ತ ನಿಲ್ಲಬೇಕಾಗಿಲ್ಲ. ಒಬ್ಬ ಟಾರ್ಚು ಹಿಡಿದು ಮುಖ್ಯರಸ್ತೆಯ ತಿರುವಿನಲ್ಲಿ ನಿಂತು ಆಂಬುಲೆನ್ಸ್‌ಗೆ ದಾರಿ ತೋರಿಸಬೇಕು, ಒಬ್ಬ ಮನೆಯ ನಾಯಿ ಕಟ್ಟಬೇಕು. ನಗುವ ಮಾತಲ್ಲ, ರಾತ್ರಿ ಅಪರಿಚಿತರು ಬಂದರೆ ಮಲೆನಾಡಿನ ನಾಯಿ ಬಿಡುವುದಿಲ್ಲ.

ವಕೀಲವೃತ್ತಿ_ಸೊರಬ

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. ರಸ್ತೆ ಅಪಘಾತದ ಗಾಯಾಳುವಿಗೆ ನೆರವಾಗುವವರಿಗೆ ರಕ್ಷಣೆ ಸ್ಪಷ್ಟವಾಗಿದೆ. ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಕೇಂದ್ರದ ಮಾರ್ಗಸೂಚಿಗಳಿಗೆ ಕಡ್ಡಾಯ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮಿನಂತೆ ಸದ್ಭಾವನೆಯಿಂದ ನೆರವಾದವನು ಗಾಯಾಳುವಿನ ಸಾವಿಗೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಗಾರನಾಗುವುದಿಲ್ಲ. ಕರ್ನಾಟಕವು ಅಪಘಾತದ ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗೆ ತನ್ನದೇ ಕಾಯ್ದೆಯನ್ನು 2016ರಲ್ಲಿ ಅಂಗೀಕರಿಸಿ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಪಡೆಯಿತು.

ಆದರೆ ನಿಮ್ಮ ಸ್ವಯಂಸೇವಕರು ಹೋಗುವುದು ಹೆಚ್ಚಾಗಿ ಮನೆಗಳಿಗೆ. ಅಲ್ಲಿ ಆಧಾರವಾಗುವುದು ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು. ಪ್ರಜ್ಞೆಯಿಲ್ಲದವನ ಒಳಿತಿಗಾಗಿ, ಒಪ್ಪಿಗೆ ಪಡೆಯಲು ಸಾಧ್ಯವಿಲ್ಲದ ಸಂದರ್ಭದಲ್ಲಿ ಸದ್ಭಾವನೆಯಿಂದ ಮಾಡಿದ ಕೃತ್ಯ ಅಪರಾಧವಲ್ಲ ಎಂಬುದು ಅದರ ಸಾರ. ಮನೆಯವರು ಎದುರಿಗೇ ಇದ್ದರೆ ‘ಎದೆ ಒತ್ತುತ್ತೇನೆ, ಆಗಬಹುದೇ’ ಎಂದು ಗಟ್ಟಿಯಾಗಿ ಕೇಳಿ ಒಪ್ಪಿಗೆ ಪಡೆದುಕೊಳ್ಳುವುದು ವಿವೇಕ. ಕಲಿತದ್ದನ್ನು ಮೀರಿ ಚುಚ್ಚುಮದ್ದು ಕೊಡುವುದು, ಗಾಯ ಕೊಯ್ಯುವುದು ಮುಂತಾದವಕ್ಕೆ ಕೈಹಾಕಿದರೆ ಈ ರಕ್ಷಣೆ ನಿಲ್ಲುವುದು ಕಷ್ಟ.

ನನಗೆ ಹೆಚ್ಚು ಚಿಂತೆಯಿರುವುದು ಮಾಹಿತಿಯ ಬಗ್ಗೆ. ಯಾವ ಮನೆಯಲ್ಲಿ ಒಂಟಿ ವೃದ್ಧರಿದ್ದಾರೆ, ಯಾರಿಗೆ ಹೃದಯದ ಕಾಯಿಲೆ ಇದೆ ಎಂಬ ಪಟ್ಟಿ ನಲವತ್ತು ಜನರ ಫೋನಿನಲ್ಲಿದ್ದರೆ ಅದು ಕಳ್ಳರಿಗೂ ಉಪಯುಕ್ತ ಪಟ್ಟಿಯೇ. ಮಲೆನಾಡಿನ ಒಂಟಿ ಮನೆಗಳ ದರೋಡೆಯ ಸುದ್ದಿಗಳನ್ನು ನಾವೆಲ್ಲ ಓದಿದವರೇ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದು 2023ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂದಿದೆ. ಲಂಡನ್ನಿನಲ್ಲಿ ಆರಂಭವಾದ ಗುಡ್‌ಸ್ಯಾಮ್ ವ್ಯವಸ್ಥೆಯಲ್ಲಿ ಸ್ವಯಂಸೇವಕರ ಗುರುತನ್ನೂ ಅರ್ಹತೆಯನ್ನೂ ಪರಿಶೀಲಿಸಿದ ಮೇಲೆಯೇ ಸೇರಿಸಿಕೊಳ್ಳುತ್ತಾರೆ. ನೀವೂ ಹಾಗೆಯೇ ಮಾಡಿ, ಮತ್ತು ಕಾಯಿಲೆಯ ವಿವರವನ್ನು ಪಟ್ಟಿಯಲ್ಲಿ ಬರೆಯಲೇಬೇಡಿ.

ತುರ್ತುಘಟಕ_ಶಿವಮೊಗ್ಗ

ಹೊಳೆಬಾಗಿಲು ಅವರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ತಿದ್ದುಪಡಿಯೊಂದಿಗೆ. ಹೊತ್ತು ತರುವುದಕ್ಕೂ ತರಬೇತಿ ಬೇಕು. ಮರದಿಂದ ಬಿದ್ದವನನ್ನು ಕಂಬಳಿಯ ಜೋಲಿಯಲ್ಲಿ ಮಡಚಿ ಹೊತ್ತುಕೊಂಡು ಬಂದರೆ, ಮುರಿದ ಬೆನ್ನುಮೂಳೆ ಒಳಗಿನ ನರವನ್ನು ಒತ್ತಿ, ಬೀಳುವಾಗ ಉಳಿದಿದ್ದ ಕಾಲಿನ ಶಕ್ತಿ ದಾರಿಯಲ್ಲಿ ಹೋಗಬಹುದು. ಏಣಿಯ ಮೇಲೆ ಹಲಗೆ ಹಾಸಿ, ತಲೆ ಅಲುಗದಂತೆ ಎರಡೂ ಬದಿ ಬಟ್ಟೆಯ ಸುರುಳಿ ಇಟ್ಟು, ಒಬ್ಬನ ಎಣಿಕೆಗೆ ಎಲ್ಲರೂ ಒಟ್ಟಿಗೆ ಎತ್ತಬೇಕು. ದೋಟಿ ಲೈನಿಗೆ ತಾಗಿದ್ದಾಗ ವಿದ್ಯುತ್ ನಿಂತಿರುವುದು ಖಚಿತವಾಗುವ ಮುನ್ನ ಯಾರೂ ಹತ್ತಿರ ಹೋಗಬಾರದು. ನಿಂತ ಮೇಲೆ ಅವನಿಗೂ ಸಿಪಿಆರ್ ಬೇಕಾಗಬಹುದು, ಹೀಗಾಗಿ ಜೀಪಿನ ಡ್ರೈವರಿಗೂ ಅದನ್ನು ಕಲಿಸಿ.

ಹಾವು ಕಚ್ಚಿದಲ್ಲಿ ಸ್ವಯಂಸೇವಕನ ಕೆಲಸ ಮುಖ್ಯವಾಗಿ ತಡೆಯುವುದು: ಹಗ್ಗ ಬಿಗಿಯುವುದನ್ನು, ಕೊಯ್ಯುವುದನ್ನು, ನಾಟಿ ಔಷಧಿಯವರ ಮನೆಗೆ ತಿರುಗುವುದನ್ನು ತಡೆದು, ಕಚ್ಚಿದ ಕೈ ಅಥವಾ ಕಾಲಿಗೆ ದಬ್ಬೆ ಕಟ್ಟಿ ಅಲುಗದಂತೆ ಮಾಡಿ, ನಡೆಸದೆ ಆಸ್ಪತ್ರೆಗೆ ಸಾಗಿಸುವುದು. ಹೊರಡುವ ಮುನ್ನ ಪ್ರತಿವಿಷ ಇದೆಯೇ ಎಂದು ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಲು ಒಬ್ಬರಿಗೆ ವಹಿಸಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳಿಗಾಗಿ ತಯಾರಾದದ್ದು. ಮಲೆನಾಡಿನ ಗುಳಿಮಂಡಲಗಳಿಗೂ ಕಾಳಿಂಗಕ್ಕೂ ಅದನ್ನು ತಯಾರಿಸಿಲ್ಲ. ಆದ್ದರಿಂದ ಸಾಧ್ಯವಾದರೆ ದೂರದಿಂದ ಹಾವಿನ ಫೋಟೊ ತೆಗೆಯಿರಿ, ಹಿಡಿಯಲು ಅಥವಾ ಕೊಲ್ಲಲು ಹೋಗಬೇಡಿ. ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ. ಆ ಲೆಕ್ಕ ಸರಿಯಾದರೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಪ್ರತಿವಿಷ ಇಡಬೇಕೆಂಬುದೂ ಸರಿಯಾದೀತು.

ಮಾಲತಿತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಉತ್ತರಗಳನ್ನು ಸಂಘದ ಸಭೆಯಲ್ಲಿ ಓದಿ ಹೇಳಿದೆ. ಆ್ಯಪ್ ಸದ್ಯಕ್ಕೆ ಬೇಡ, ಮನೆಸಂಖ್ಯೆ ಮತ್ತು ಒಂದು ಸಾಮಾನ್ಯ ಫೋನ್ ನಂಬರಿನಿಂದ ಆರಂಭಿಸೋಣ ಎಂಬುದಕ್ಕೆ ಬಹುಮತ ಬಂತು. ಹುಡುಗರಿಬ್ಬರಿಗೆ ಸ್ವಲ್ಪ ಬೇಸರವಾಗಿದೆ, ಮಳೆಗಾಲ–ಬೇಸಿಗೆಯ ಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಅವರಿಗೆ ಒಪ್ಪಿಸಿದ್ದೇವೆ. ಎಇಡಿ ಬಗ್ಗೆ ಇನ್ನೂ ಒಮ್ಮತವಿಲ್ಲ. ಒಂದು ಕೊನೆಯ ಪ್ರಶ್ನೆ: ಒಮ್ಮೆ ತರಬೇತಿ ಕೊಟ್ಟರೆ ಸಾಕೇ, ಮತ್ತೆ ಮತ್ತೆ ಬೇಕೇ? ಎದೆ ಒತ್ತುವ ಅಭ್ಯಾಸಕ್ಕೆ ಬಳಸುವ ಬೊಂಬೆ ಕೊಳ್ಳಲು ನಮ್ಮಲ್ಲಿ ಹಣವಿಲ್ಲ.

ತುರ್ತುಘಟಕ_ಶಿವಮೊಗ್ಗ

ಮತ್ತೆ ಮತ್ತೆ ಬೇಕು. ಕಲಿತ ಮೂರರಿಂದ ಆರು ತಿಂಗಳಲ್ಲಿಯೇ ಒತ್ತುವ ಆಳ ಮತ್ತು ವೇಗ ಎರಡೂ ತಪ್ಪತೊಡಗುತ್ತವೆ ಎಂಬುದು ಪದೇ ಪದೇ ಕಂಡುಬಂದಿರುವ ಸಂಗತಿ. ಆದ್ದರಿಂದ ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆಯ ಅಭ್ಯಾಸ ಒಳ್ಳೆಯದು. ನಿಮ್ಮ ಸಂಘದ ಮಾಸಿಕ ಸಭೆಯ ಕೊನೆಯಲ್ಲಿಯೇ ಇಟ್ಟುಕೊಳ್ಳಬಹುದು. ಬೊಂಬೆಯನ್ನು ಕೊಳ್ಳಬೇಕಾಗಿಲ್ಲ. ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನವರ ಮೂಲಕ ಮೊದಲ ತರಬೇತಿ ಏರ್ಪಡಿಸಿದರೆ ಬೊಂಬೆಯನ್ನು ಅವರೇ ತರುತ್ತಾರೆ. ನಡುವಿನ ಅಭ್ಯಾಸಕ್ಕೆ ಗಟ್ಟಿಯಾಗಿ ತುಂಬಿದ ದಿಂಬನ್ನು ನೆಲದ ಮೇಲಿಟ್ಟು, ಗಡಿಯಾರ ನೋಡುತ್ತ ಎರಡು ನಿಮಿಷ ಒತ್ತಿ, ಆಯಾಸವಾಗುವ ಮುನ್ನ ಇನ್ನೊಬ್ಬರಿಗೆ ಬಿಟ್ಟುಕೊಡುವುದನ್ನು ರೂಢಿಸಿಕೊಳ್ಳಿ. ಆಶಾ ಕಾರ್ಯಕರ್ತೆಯರನ್ನು ಮೊದಲ ತಂಡದಲ್ಲಿಯೇ ಸೇರಿಸಿಕೊಳ್ಳಿ, ಯಾವ ಮನೆಗೆ ಯಾವ ದಾರಿ ಎಂಬುದು ಅವರಿಗೆ ತಿಳಿದಿದೆ.